ಭಜಿ ಕಟ್ಟಿದ ಹಾಳೆ

"ಗುರುಗಳೇ, ಒಂದೇ ಅಕ್ಷರಗಳಿಂದ ಶುರುವಾಗುವ ಇಂಗ್ಲಿಷ್ ಪದಗಳು ನನ್ನ ತಲೆಯಲ್ಲಿ ಕಲಸಿಹೋಗುತ್ತವೆ. ಯಾವುದರ ಅರ್ಥ ಯಾವುದೆಂದು ಹಿಡಿದಿಟ್ಟುಕೊಳ್ಳುವುದು ಹೇಗೆ?" ಎಂದು ನಿಜಗುಣ ಕೇಳಿದ. ಮರುದಿನ ಅವನಿಗೆ ಪರೀಕ್ಷೆ. ಎರಡು ಸಲ ಇಲ್ಲೇ ಮುಗ್ಗರಿಸಿದ್ದ.

ಗುರುಗಳು ಅವನ ಕೈಯಲ್ಲಿದ್ದ ನಿಘಂಟನ್ನು ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಜಂಕ್ಷನ್ನಿನಲ್ಲಿ ಒಬ್ಬ ಹಮಾಲನಿದ್ದ. ಕನ್ನಡ ಓದಬಲ್ಲ, ಇಂಗ್ಲಿಷ್ ಅರಿಯ. ಒಮ್ಮೆ ಅವನಿಗೆ ಮಿರ್ಚಿ ಭಜಿಯನ್ನು ಹಳೆಯ ನಿಘಂಟಿನ ಹಾಳೆಯೊಂದರಲ್ಲಿ ಕಟ್ಟಿಕೊಟ್ಟರು. ಭಜಿ ತಿಂದ, ಎಣ್ಣೆ ಒರೆಸಿದ, ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡ. ಉಚ್ಚಾರವೂ ಅರ್ಥವೂ ಕನ್ನಡದಲ್ಲಿದ್ದವು. ಪದಗಳೆಲ್ಲ ಒಂದೇ ಬಣ್ಣದ ರುಮಾಲು ಸುತ್ತಿದವರಂತೆ ಸಾಲಾಗಿ ನಿಂತಿದ್ದವು: ಕಮಾಂಡ್, ಕಾಮೆಂಟ್, ಕಾಮರ್ಸ್, ಕಾಮನ್. ಅವನು ಅವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ಆದ್ದರಿಂದ ನಡುವಿನದೊಂದು ಬೇಕಾದರೂ ಮೊದಲಿನಿಂದಲೇ ಹೇಳಿಕೊಂಡು ಬರಬೇಕು. ಜೊತೆಯ ಹಮಾಲರು, "ಏ ಕಮಾಂಡ್, ಗಾಡಿ ಬಂತಪಾ, ಏಳು" ಎಂದು ಅಣಕಿಸುತ್ತಿದ್ದರು.

ಒಂದು ಮಧ್ಯಾಹ್ನ ರೈಲಿನಲ್ಲಿ ಪರದೇಶದ ಮುದುಕನೊಬ್ಬ ತೀರಿಕೊಂಡ. ಕೆಳಗಿಳಿಸಿದ ಶವದ ಕೈ ಹಿಡಿದು ಹೆಂಡತಿ ಪ್ಲಾಟ್‌ಫಾರ್ಮಿನ ಮೇಲೇ ಕುಳಿತಳು. ನೀರು ಮುಟ್ಟಲೊಲ್ಲಳು, ಹೆಣ ಎತ್ತಲು ಬಿಡಲೊಲ್ಲಳು. ಇಂಗ್ಲಿಷ್ ಬಲ್ಲ ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಬಂದರು, ಕಾಯಿದೆ ಹೇಳಿದರು, ಸಹಿ ಕೇಳಿದರು, ಬೇಸತ್ತು ಹೋದರು. ಬಿಸಿಲಿಗೆ ಮುದುಕಿಯ ತಲೆ ವಾಲತೊಡಗಿತು.

ಹಮಾಲ ಒಂದು ಲೋಟ ನೀರು ತಂದಿಟ್ಟು ಅವಳ ಪಕ್ಕ ನೆಲಕ್ಕೆ ಕುಳಿತ. ಸಮಾಧಾನದ ಮಾತೊಂದು ತನ್ನ ಹಾಳೆಯಲ್ಲಿ ಇದ್ದೇ ಇರಬೇಕೆಂದು ನಂಬಿ ಮೊದಲಿನಿಂದ ಹೇಳುತ್ತಾ ಬಂದ. ಆಜ್ಞೆ? ಅದಲ್ಲ. ಟೀಕೆ? ಅದಲ್ಲ. ವ್ಯಾಪಾರ? ಅದಲ್ಲ. ಸಾಮಾನ್ಯ? ಅದೂ ಅಲ್ಲ. ಸಾಲು ಮುಗಿಯಿತು. ಎಲ್ಲೋ ತಪ್ಪಿಸಿಕೊಂಡಿತೆಂದು ಮತ್ತೆ ಮೊದಲಿನಿಂದ ಹಿಡಿದ. ಗಾಡಿಗಳು ಬಂದವು, ಹೋದವು. ಅವನು ಏಳಲಿಲ್ಲ. ಎಷ್ಟನೆಯ ಸುತ್ತೋ, ಮುದುಕಿ ತಿರುಗಿ ನೋಡಿದಳು. ಲೋಟ ಎತ್ತಿ ಕುಡಿದಳು. ಅವನ ಹೆಗಲ ಮೇಲೆ ಕೈಯಿಟ್ಟು ಒಂದೇ ಪದ ನುಡಿದಳು: "ಕಂಪ್ಯಾನಿಯನ್." ಆಮೇಲೆ ಹೆಣ ಎತ್ತಲು ತಾನೇ ಸನ್ನೆ ಮಾಡಿದಳು.

ಕಂಪ್ಯಾನಿಯನ್ ಎಂದರೆ ಜೊತೆಗಾರ ಎಂದು ನಿಜಗುಣನಿಗೆ ಗೊತ್ತಿತ್ತು.

"ಆ ಪದ ಹಮಾಲನ ಹಾಳೆಯಲ್ಲಿತ್ತೇ, ಗುರುಗಳೇ?"

"ಪದ ಮುಂದಿನ ಹಾಳೆಯದು, ಮಗು, ಅವನ ಬಳಿ ಇದ್ದದ್ದು ಅರ್ಥ ಮಾತ್ರ."