ತುದಿ ನಲ್ಲಿ

ನಮ್ಮ ಬೀದಿಯ ಮೊದಲ ಸೈಟಿನಲ್ಲಿ ಹದಿನಾಲ್ಕು ಮಹಡಿ ಎಬ್ಬಿಸಲು ಹೊರಟ ಬಿಲ್ಡರ್ ಪದ್ಮರಾಜು ಮನೆಗೊಂದು ಸ್ವೀಟ್ ಡಬ್ಬಿ ತಂದಾಗಲೇ ನಮಗೆ ಅನುಮಾನ ಬಂತು. ಯಾರೂ ಡಬ್ಬಿ ಬಿಚ್ಚಲಿಲ್ಲ.

"ಆಕ್ಷೇಪಣೆ ಇಲ್ಲ ಅಂತ ಸಂಜೆಯೊಳಗೆ ಎಲ್ಲರ ಸಹಿ ಬೇಕು," ಎಂದು ಒಂದು ಹಾಳೆ ಮುಂದೆ ಹಿಡಿದ. "ನೂರೆಂಬತ್ತು ಮನೆ ಬಂದರೂ ನಿಮಗೆ ಒಂದು ಬಿಂದಿಗೆ ನೀರೂ ಕಡಿಮೆಯಾಗಲ್ಲ. ಇದೇ ಪೈಪು ಎಲ್ಲರಿಗೂ ಸಾಕು."

ದಿನ ಬಿಟ್ಟು ದಿನ ನಮಗೆ ನೀರು ಬಿಡುವ ವಾಲ್ವ್‌ಮ್ಯಾನ್ ಚಿಕ್ಕಮಾದಯ್ಯ ಅಲ್ಲೇ ನಿಂತಿದ್ದ.

"ಸಾಹೇಬರೇ ಹೇಳಿದ ಮೇಲೆ ಇನ್ನೇನು, ಸಹಿ ಹಾಕಿ," ಎಂದ.

ಇವನಿಗೂ ಒಂದು ಡಬ್ಬಿ ಸಿಕ್ಕಿರಬೇಕು ಅಂದುಕೊಂಡೆವು.

"ಒಂದೇ ಒಂದು ಸಾಲು ಸೇರಿಸಿ ಸಾರ್," ಎಂದು ಚಿಕ್ಕಮಾದಯ್ಯನೇ ಮುಂದುವರಿಸಿದ. " ನಿಮ್ಮ ಕನೆಕ್ಷನ್ನು ಬೀದಿ ತುದಿಯಲ್ಲಿ ಕೊಡೋಣ. ಕೊನೆ ಮನೆ ಪುಟ್ಟನಂಜಮ್ಮನವರು ಹಿಡಿದುಕೊಂಡ ಮೇಲೆ ನಿಮಗೆ ಬರುತ್ತೆ."

"ಅಷ್ಟು ದೂರ ನೀರು ಎಲ್ಲಿ ಉಳಿದಿರುತ್ತಯ್ಯ?" ಎಂದು ಪದ್ಮರಾಜು ರೇಗಿದ. ಆಮೇಲೆ ತಾನು ಏನಂದೆ ಎಂದು ಹೊಳೆದು ಹಾಳೆ ಮಡಚಲು ಹೋದ.

ಚಿಕ್ಕಮಾದಯ್ಯ ಅದನ್ನು ತೆಗೆದುಕೊಂಡು ನಮ್ಮ ಜೊತೆ ನಿಂತಿದ್ದ ಪುಟ್ಟನಂಜಮ್ಮನ ಕೈಗೆ ಕೊಟ್ಟ.

"ಬರೆದುಕೊಳ್ಳಿ ಅಮ್ಮ. ಮೊದಲನೇ ಆಕ್ಷೇಪಣೆ ಸಾಹೇಬರದೇ."