ಅರವತ್ತಕ್ಕೆ ಗವಿ ಸೇರಿದ ಬೆಲ್ಲದ ವ್ಯಾಪಾರಿ

"ಗುರುಗಳೇ, ಮೋಕ್ಷಕ್ಕೆ ಎಪ್ಪತ್ತನೆಯ ವಯಸ್ಸು ತೀರ ತಡವಾಯಿತೇ?"

ಕೇಳಿದವನು ಪಂಪಾಪತಿ. ಅವನು ಮಠಕ್ಕೆ ಬಂದು ಸೇರಿ ಹೆಚ್ಚು ದಿನವಾಗಿರಲಿಲ್ಲ. ಮೀಸೆ ಈಗಷ್ಟೇ ಚಿಗುರುತ್ತಿತ್ತು. ಗುರುಗಳು ಅವನ ಮುಖ ನೋಡಿದರು.

"ಯಾರ ಮೋಕ್ಷ?"

"ನನ್ನದೇ. ಎಲ್ಲವನ್ನೂ ಗೊತ್ತುಮಾಡಿಕೊಂಡಿದ್ದೇನೆ. ಮೂವತ್ತರವರೆಗೆ ನಿಮ್ಮ ಬಳಿ ಓದು. ನಲವತ್ತರೊಳಗೆ ನನ್ನದೇ ಒಂದು ಮಠ. ಐವತ್ತಕ್ಕೆ ಒಂದು ದೊಡ್ಡ ಭಾಷ್ಯ. ಅರವತ್ತಕ್ಕೆ ಕೋಪ ಬಿಡುವುದು. ಎಪ್ಪತ್ತಕ್ಕೆ ಮೋಕ್ಷ. ಅದಕ್ಕಿಂತ ಮುಂಚೆ ನನಗೆ ಬಿಡುವಿಲ್ಲ."

ಗುರುಗಳು ನಗಲಿಲ್ಲ. ಕುಳಿತುಕೊಳ್ಳಲು ಹೇಳಿ ಒಂದು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಕೊಟ್ರಬಸಪ್ಪ ಎಂಬ ಬೆಲ್ಲದ ವ್ಯಾಪಾರಿ ಇದ್ದ. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಅಂಗಡಿಗೆ ಗಿರಾಕಿಗಳೇ ಬರಲಿಲ್ಲ. ನೊಣ ಓಡಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆದ್ದರಿಂದ ಅವನು ತನ್ನ ಇಡೀ ಬದುಕನ್ನು ಕುಳಿತಲ್ಲೇ ಗೊತ್ತುಮಾಡಿದ. ಮೂವತ್ತಕ್ಕೆ ಮದುವೆ. ನಲವತ್ತಕ್ಕೆ ಮಹಡಿ ಮನೆ. ಐವತ್ತಕ್ಕೆ ಸಂಗೀತ. ಅರವತ್ತು ತುಂಬಿದ ದಿನ ಮನೆ ಬಿಟ್ಟು ಗುಡ್ಡದ ಗವಿಯಲ್ಲಿ ತಪಸ್ಸು. ಅರವತ್ತು ಎಂದೊಡನೆ ಅವನ ಕಣ್ಣಿಗೆ ಕಂಡದ್ದು ಹಲ್ಲಿಲ್ಲದ, ಹಸಿವಿಲ್ಲದ, ಯಾರಿಗೂ ಬೇಡವಾದ ಒಬ್ಬ ಮುದುಕ. ಅಂಥವನಿಗೆ ಗವಿಗಿಂತ ಒಳ್ಳೆಯ ಜಾಗ ಎಲ್ಲಿದೆ ಎಂದುಕೊಂಡ. ಸಂಜೆ ಗುಡಿಗೆ ಹೋಗಿ, ಕರ್ಪೂರ ಹಚ್ಚಿ, ಇದರಲ್ಲಿ ಒಂದನ್ನೂ ತಪ್ಪಿಸುವುದಿಲ್ಲ ಎಂದು ಆಣೆ ಮಾಡಿ ಬಂದ.

ಆಣೆ ಮಾಡಿ ಮುರಿಯುವ ಗಂಡಸಲ್ಲ ಅವನು.

ನಡುವೆ ತಾಯಿ ಎಷ್ಟೋ ಸಂಬಂಧಗಳನ್ನು ತಂದಳು. ಒಬ್ಬ ಹುಡುಗಿಯಂತೂ ಅವನ ಮನಸ್ಸಿಗೂ ಬಂದಿದ್ದಳು. "ಇನ್ನೂ ಹೊತ್ತಾಗಿಲ್ಲ" ಎಂದು ಎಲ್ಲರನ್ನೂ ಕಳಿಸಿಬಿಟ್ಟ. ಮೂವತ್ತು ತುಂಬಿದ ಬೆಳಗ್ಗೆ ತಾನೇ ತಾಯಿಯ ಮುಂದೆ ಹೋಗಿ ನಿಂತು, "ಈಗ ಆಗಬಹುದು" ಎಂದ. ಆ ಹೊತ್ತಿಗೆ ಒಪ್ಪಿದವಳು ಹಾಲಮ್ಮ. ಹಾಲಮ್ಮ ಒಳ್ಳೆಯವಳು. ಆದರೆ ಅವಳನ್ನು ನಿಧಾನವಾಗಿ ನೋಡಿ ಇಷ್ಟಪಡಲು ಅವನಿಗೆ ಪುರುಸೊತ್ತಿರಲಿಲ್ಲ. ನಲವತ್ತು ಹತ್ತಿರ ಬರುತ್ತಿತ್ತು.

ನಲವತ್ತಕ್ಕೆ ಮಹಡಿ ಎದ್ದಿತು. ಮೆಟ್ಟಿಲು ಬಲು ಕಡಿದಾಗಿತ್ತು. ಮೇಲೆ ಹೋಗಿ ಯಾರೂ ಮಲಗಲಿಲ್ಲ. ಹಾಲಮ್ಮ ಅಲ್ಲಿ ಹಪ್ಪಳ ಒಣಗಿಸಿದಳು.

ಇದಕ್ಕೂ ಮೊದಲೇ ಒಮ್ಮೆ, ಅವನ ಗಂಟಲು ಇನ್ನೂ ಇಂಪಾಗಿದ್ದ ಕಾಲದಲ್ಲಿ, ಅಂಗಡಿಯ ಎದುರಿನ ಛತ್ರಕ್ಕೆ ಒಬ್ಬ ಸಂಗೀತಗಾರ ಬಂದಿಳಿದಿದ್ದ. ಕೊಟ್ರಬಸಪ್ಪ ಬೆಲ್ಲ ತೂಗುತ್ತಾ ಗುನುಗುವುದನ್ನು ಕೇಳಿ, ತಾನಾಗಿಯೇ ಅಂಗಡಿಗೆ ಬಂದ. "ನಿನ್ನ ಗಂಟಲು ಚೆನ್ನಾಗಿದೆ. ಬಾ, ಕಲಿಸುತ್ತೇನೆ" ಎಂದ.

"ಐವತ್ತಕ್ಕೆ ಬರುತ್ತೇನೆ" ಎಂದ ಕೊಟ್ರಬಸಪ್ಪ.

ಸಂಗೀತಗಾರ, ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದ. ಉತ್ತರ ಅದೇ ಬಂತು. ಐವತ್ತು ತುಂಬುವ ಹೊತ್ತಿಗೆ ಆ ಸಂಗೀತಗಾರ ತೀರಿಕೊಂಡಿದ್ದ. ಕೊಟ್ರಬಸಪ್ಪನ ಗಂಟಲೂ ಕೆಟ್ಟಿತ್ತು. ಆದರೂ ಅವನು ಬೇರೊಬ್ಬ ಗುರುವನ್ನು ಹುಡುಕಿ ದಿನಾ ಬೆಳಗ್ಗೆ ಹಾಡಿದ. ಪಕ್ಕದ ಮನೆಯವರು ಎತ್ತಿಗೆ ಹೊಟ್ಟೆನೋವು ಬಂದಿದೆಯೆಂದು ಬಗೆದು ಔಷಧಿ ಕಳಿಸಿದರು. ಅವನು ಬೇಸರಪಡಲಿಲ್ಲ. ಐವತ್ತಕ್ಕೆ ಸಂಗೀತ ಎಂದಿದ್ದ, ಐವತ್ತಕ್ಕೆ ಸಂಗೀತವಾಯಿತು. ಅಷ್ಟು ಸಾಕಿತ್ತು ಅವನಿಗೆ.

ಅರವತ್ತಕ್ಕೆ ಇನ್ನೊಂದು ವರ್ಷವಿತ್ತು. ಇದ್ದೊಬ್ಬ ಮಗಳು ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ಒಂದು ದಿನ ಹಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ನೆಲಕ್ಕೆ ಕಾಲೂರಬಾರದು ಎಂದು ವೈದ್ಯರು ಕಟ್ಟು ಹಾಕಿ ಹೋದರು. ಬೇರೆ ದಾರಿಯಿಲ್ಲದೆ ಕೊಟ್ರಬಸಪ್ಪ ಅಡುಗೆಮನೆಗೆ ಕಾಲಿಟ್ಟ. ಅದು ತನ್ನದೇ ಮನೆಯಾದರೂ ಉಪ್ಪು ಎಲ್ಲಿದೆ ಎಂದು ಕೂಗಿ ಕೇಳಬೇಕಾಯಿತು.

ಮೊದಲ ದಿನದ ಸಾರನ್ನು ಹಾಲಮ್ಮ ಮಾತಾಡದೆ ಉಂಡಳು. ಆಮೇಲೆ ಒಂದು ಚೊಂಬು ನೀರು ಕುಡಿದಳು. ಮರುದಿನದಿಂದ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ಬೇಳೆ ಬೆಂದಿತೋ ಇಲ್ಲವೋ ಎಂದು ಬೆರಳಲ್ಲಿ ಹಿಸುಕಿ ನೋಡಬೇಕು. ಸಾಸಿವೆ ಸಿಡಿಯುವವರೆಗೆ ಕಾಯಬೇಕು. ಮೆಂತ್ಯ ಕೆಂಪಾಗಬೇಕು, ಕರಿಯಾಗಬಾರದು. ಅವನು ಅದನ್ನೆಲ್ಲ ಬಾಯಿಪಾಠ ಮಾಡಿದ.

ಆಮೇಲೆ ಆದದ್ದನ್ನು ಅವನು ಯಾವ ವಯಸ್ಸಿಗೂ ಗೊತ್ತುಮಾಡಿರಲಿಲ್ಲ. ಬೆಳಗ್ಗೆ ಕಣ್ಣು ಬಿಡುವಾಗಲೇ ಅವನಿಗೆ ಬದನೆಕಾಯಿ ನೆನಪಾಗುತ್ತಿತ್ತು. ಅಂಗಡಿಗೆ ಬಂದ ಗಿರಾಕಿಗೆ, "ಒಗ್ಗರಣೆಗೆ ಇಟ್ಟಿದ್ದೇನೆ, ಆಮೇಲೆ ಬನ್ನಿ" ಎಂದು ಒಳಗೆ ಓಡುತ್ತಿದ್ದ. ಸಾರಿಗೆ ತನ್ನ ಅಂಗಡಿಯ ಬೆಲ್ಲವನ್ನೇ ಚಿಟಿಕೆ ಹಾಕಿ, ರುಚಿ ನೋಡಿ, ಒಬ್ಬನೇ ತಲೆದೂಗುತ್ತಿದ್ದ. ಊಟವಾದ ಮೇಲೆ ಹಾಲಮ್ಮನ ಹಾಸಿಗೆಯ ಪಕ್ಕ ಕುಳಿತು, ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು ಎಂದು ಇಬ್ಬರೂ ಮಾತಾಡುತ್ತಿದ್ದರು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಹಾಲಮ್ಮ ಇಷ್ಟು ನಗುತ್ತಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳಾದರೂ ಮದುವೆಯಾದ ಮೇಲೆ ಬಿಸಿ ಅನ್ನ ಉಂಡದ್ದು ಅದೇ ಮೊದಲು. ಒಂದು ದಿನ, "ನಿಮ್ಮ ಕೈ ಚೆನ್ನಾಗಿದೆ" ಎಂದಳು. ಅವನು ನಾಚಿಕೊಂಡು ಸಂಜೆಯ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದ.

ಅವಳ ಕಾಲು ವಾಸಿಯಾಯಿತು. ಸ್ವಲ್ಪ ಕುಂಟು ಉಳಿಯಿತು. ಅವನು ಮಾತ್ರ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ.

ಅಷ್ಟರಲ್ಲಿ ಅರವತ್ತು ತುಂಬಿತು.

ಕೊಟ್ರಬಸಪ್ಪನಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಹಲ್ಲೆಲ್ಲ ಗಟ್ಟಿಯಾಗಿದ್ದವು, ಹಸಿವು ಹಿಂದಿಗಿಂತ ಹೆಚ್ಚಾಗಿತ್ತು. ಆದರೆ ಆಣೆ ಆಣೆಯೇ. ಒಂದು ಕಂಬಳಿ, ಒಂದು ಚೊಂಬು ಎತ್ತಿಕೊಂಡು ಹೆಂಡತಿಯ ಮುಂದೆ ನಿಂತ. ಗವಿಗೆ ಹೊರಟೆ ಎಂದ.

"ನಾನೇನು ತಪ್ಪು ಮಾಡಿದೆ?" ಎಂದಳು ಹಾಲಮ್ಮ.

"ಏನೂ ಇಲ್ಲ. ಅರವತ್ತು ತುಂಬಿತು."

ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವನು ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಾ ಗುಡ್ಡ ಹತ್ತಿದ.

ಗವಿಯಲ್ಲಿ ಕಂಬಳಿ ಹಾಸಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, "ಶಿವಾ" ಎಂದ. ಶಿವ ಬರಲಿಲ್ಲ. ಹುರಿದ ಮೆಂತ್ಯದ ವಾಸನೆ ಬಂತು. ಇನ್ನೊಮ್ಮೆ "ಶಿವಾ" ಎಂದ. ಈ ಸಲ ಎಣ್ಣೆಗಾಯಿ ಕಣ್ಣಿಗೆ ಕಟ್ಟಿತು. ಹೀಗೇ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಗವಿಯ ಕೆಳಗೆ ಕುರಿ ಕಾಯುವವರು ಕಲ್ಲು ಜೋಡಿಸಿ ಬೇಳೆ ಬೇಯಲು ಇಟ್ಟರು. ಬೇಳೆಗೆ ಇನ್ನೂ ಕುದಿ ಬಂದಿರಲಿಲ್ಲ, ಆಗಲೇ ಒಬ್ಬ ಹುಣಸೆಹಣ್ಣು ಹಿಂಡತೊಡಗಿದ. ಕೊಟ್ರಬಸಪ್ಪ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡ. ತಡೆಯಲಾಗಲಿಲ್ಲ. ಒಂದೇ ಕಣ್ಣು ತೆರೆದು ಕೂಗಿದ:

"ಅಯ್ಯೋ, ಈಗಲೇ ಹುಳಿ ಹಾಕಿದರೆ ಆ ಬೇಳೆ ಈ ಜನ್ಮದಲ್ಲಿ ಬೇಯುವುದಿಲ್ಲ!"

ಕೂಗಿದವನು ತಾನೇ ಇಳಿದು ಹೋಗಿ ಸೌಟು ಹಿಡಿದ. ಕುರಿಗಾಹಿಗಳು ಉಂಡು, ಕೈ ನೆಕ್ಕಿ, ಊರಿಗೆ ಹೋಗಿ ಹೇಳಿದರು. ಗವಿಯಲ್ಲಿ ಒಬ್ಬರು ದೊಡ್ಡ ಸ್ವಾಮಿಗಳಿದ್ದಾರೆ, ಅವರ ಸಾರು ಉಂಡರೆ ಮನಸ್ಸು ಶಾಂತವಾಗುತ್ತದೆ ಎಂದು ಸುದ್ದಿ ಹಬ್ಬಿತು. ಜನ ಅಕ್ಕಿಬೇಳೆ ಹೊತ್ತುಕೊಂಡು ಗುಡ್ಡ ಹತ್ತತೊಡಗಿದರು. ಯಾರಾದರೂ ಉಪದೇಶ ಬೇಡಿದರೆ ಕೊಟ್ರಬಸಪ್ಪ, "ಮೊದಲು ಕೈ ತೊಳೆದು ಬನ್ನಿ" ಎನ್ನುತ್ತಿದ್ದ. ಈ ಮಾತಿನ ಆಳ ಎಷ್ಟಿರಬಹುದೆಂದು ಜನ ಇಳಿಯುವಾಗ ಚರ್ಚೆ ಮಾಡುತ್ತಿದ್ದರು.

ಸುದ್ದಿ ಹಾಲಮ್ಮನಿಗೂ ಮುಟ್ಟಿತು. ಅವಳು ಕೋಲೂರಿಕೊಂಡು ಗುಡ್ಡ ಹತ್ತಿ ಬಂದು ಪಂಕ್ತಿಯ ಕೊನೆಗೆ ಕುಳಿತಳು. ಕೊಟ್ರಬಸಪ್ಪ ಬಗ್ಗಿ ಬಡಿಸುತ್ತಾ ಬಂದ. ಎಲೆಗಳನ್ನು ನೋಡುತ್ತಿದ್ದನೇ ಹೊರತು ಮುಖಗಳನ್ನು ನೋಡುತ್ತಿರಲಿಲ್ಲ.

"ಸ್ವಾಮಿಗಳೇ, ಉಪ್ಪು ಸ್ವಲ್ಪ ಕಡಿಮೆ."

ಧ್ವನಿ ಕೇಳಿ ಸೌಟು ನಿಂತಿತು.

"ನೀವು ಇಲ್ಲಿ ಮಾಡುತ್ತಿರುವುದು ತಪಸ್ಸೋ, ಅಡುಗೆಯೋ?" ಎಂದಳು ಹಾಲಮ್ಮ.

"ಅಡುಗೆ" ಎಂದ. ಸುಳ್ಳು ಹೇಳುವ ಹಾಗಿರಲಿಲ್ಲ, ಕೈಯಲ್ಲಿ ಸೌಟಿತ್ತು.

"ಅದನ್ನು ಮನೆಯಲ್ಲೇ ಮಾಡುತ್ತಿದ್ದಿರಲ್ಲ."

"ಆಣೆ ಮಾಡಿದ್ದೆ, ಹಾಲಮ್ಮ. ಇಪ್ಪತ್ತರ ವಯಸ್ಸಿನಲ್ಲಿ."

"ಆಣೆ ಮಾಡಿದ ಆ ಹುಡುಗ ನನ್ನನ್ನು ನೋಡಿದ್ದನೇ?"

ಕೊಟ್ರಬಸಪ್ಪ ಯೋಚಿಸಿದ. ಇಲ್ಲ ಎಂದು ತಲೆಯಾಡಿಸಿದ.

"ನನ್ನ ಮುಖವನ್ನೇ ಕಾಣದ ಒಬ್ಬ ಹುಡುಗ ಹೇಳಿದನೆಂದು ನನ್ನನ್ನು ಬಿಟ್ಟು ಬಂದಿರಾ? ಆ ವಯಸ್ಸಿನವನೊಬ್ಬ ಅಂಗಡಿಗೆ ಬಂದು, ಬೆಲ್ಲವನ್ನು ಇಲ್ಲಿಡಬೇಡ ಅಲ್ಲಿಡು ಎಂದಿದ್ದರೆ ನೀವು ಅವನ ಮಾತು ಕೇಳುತ್ತಿದ್ದಿರಾ?"

ಆ ಹುಡುಗ ಕೊಟ್ರಬಸಪ್ಪನ ಕಣ್ಣ ಮುಂದೆ ಬಂದು ನಿಂತ. ಜೀರಿಗೆ ಯಾವುದು, ಸೋಂಪು ಯಾವುದು ಎಂದು ತಿಳಿಯದ ಹುಡುಗ. ಯಾರಿಗೂ ಬಿಸಿ ಅನ್ನ ಬಡಿಸಿ ಗೊತ್ತಿಲ್ಲದ ಹುಡುಗ. ಇಷ್ಟು ವರ್ಷ ತಾನು ಹೆದರಿ ನಡೆದದ್ದು ಇವನಿಗೆ. ಕೊಟ್ರಬಸಪ್ಪನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ನಗು ನಿಲ್ಲುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು.

ಪಂಕ್ತಿಯಲ್ಲಿದ್ದವರು ಅಲ್ಲಿಯವರೆಗೂ ಮರ್ಯಾದೆಯಿಂದ ಸುಮ್ಮನಿದ್ದರು. ಕೊನೆಗೆ ಒಬ್ಬ, "ಅನ್ನ ಆರುತ್ತಿದೆ, ಸ್ವಾಮೀ" ಎಂದ.

ಕೊಟ್ರಬಸಪ್ಪ ಎಲ್ಲರಿಗೂ ಬಡಿಸಿ ಮುಗಿಸಿದ. ಪಾತ್ರೆ ತೊಳೆದು, ಒಲೆಗೆ ನೀರು ಹಾಕಿ, ಹೆಂಡತಿಯ ಕೈ ಹಿಡಿದು ನಿಧಾನವಾಗಿ ಗುಡ್ಡ ಇಳಿದ. ಜನ ಬೇಡವೆಂದು ಗೋಗರೆದರು. ಕೆಲವರಂತೂ ಎಲೆ ಸಮೇತ ಹಿಂದೆ ಬಂದರು. ಪೇಟೆಯ ಗುಡಿಯ ಮುಂದೆ ಹಾಯುವಾಗ ಅವನು ತಲೆ ತಗ್ಗಿಸಿ ಹೆಂಡತಿಯ ಮರೆಯಲ್ಲಿ ನಡೆದ. ದೇವರು ಏನೂ ಅನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗು ತಡೆದುಕೊಂಡು ಹೇಳಿದ: "ಅವನು ಬೆಲ್ಲದ ವ್ಯಾಪಾರಿ, ಗುರುಗಳೇ. ಗೊತ್ತುಮಾಡುವಾಗಲೇ ಎಡವಿದ. ನಾನು ಹಾಗಲ್ಲ, ಎಲ್ಲ ತಿಳಿದೇ ಮಾಡಿದ್ದೇನೆ. ಎಪ್ಪತ್ತರ ವಯಸ್ಸಿನ ನನಗೆ ಈಗಲೇ ಗೊತ್ತುಮಾಡಿಟ್ಟದ್ದು ಸರಿಯಾಗಿದೆ ತಾನೇ?"

ಗುರುಗಳು ಎದ್ದು ನಿಂತರು.

"ಪಂಪಾಪತಿ, ಎಪ್ಪತ್ತು ತುಂಬಿದ ಹಿರಿಯರಿಗೆ ಅಪ್ಪಣೆ ಕೊಡುವುದನ್ನು ನಾನು ನಿನಗೆ ಯಾವಾಗ ಕಲಿಸಿದೆ?"