ಬಳೆಗಾರನಿಗೆ ಹೊಣೆ ಯಾರು?

"ಗುರುಗಳೇ, ಒಂದು ಉತ್ತರ ಯಾವ ನಿಯಮವನ್ನೂ ಮುರಿಯದಿದ್ದರೆ ಅದು ಸರಿಯಾದ ಉತ್ತರ ತಾನೆ?" ಎಂದು ಷಡಕ್ಷರಿ ಕೇಳಿದ.

ಅವನು ಪಟ್ಟಣದಲ್ಲಿ ಕಂಪ್ಯೂಟರ್ ವಿದ್ಯೆ ಕಲಿತು, ತರ್ಕವನ್ನು ಗಟ್ಟಿಮಾಡಿಕೊಳ್ಳಲೆಂದು ಮರುಳಸಿದ್ಧಯ್ಯನವರ ಮಠಕ್ಕೆ ಬಂದವನು. ಪ್ರೋಗ್ರಾಮ್ ಬರೆಯುವ ಒಂದು ಬಗೆ ಅವನ ಮನಸ್ಸನ್ನು ಹಿಡಿದಿತ್ತು. ಸಾಮಾನ್ಯವಾಗಿ ಕಂಪ್ಯೂಟರಿಗೆ ಹೆಜ್ಜೆಹೆಜ್ಜೆಗೂ ಏನು ಮಾಡಬೇಕೆಂದು ಹೇಳಿಕೊಡಬೇಕು. ಇದರಲ್ಲಿ ಹಾಗಿಲ್ಲ. ಏನು ಬೇಕು, ಏನು ಕೂಡದು ಎಂಬ ನಿಯಮಗಳನ್ನು ಬರೆದರೆ ಸಾಕು, ಅವಕ್ಕೆ ಒಪ್ಪುವ ಉತ್ತರಗಳನ್ನು ಅದೇ ಹುಡುಕಿ ತರುತ್ತದೆ. ಹಲವಿದ್ದರೆ ಹಲವನ್ನು ತೋರಿಸುತ್ತದೆ, ಇಲ್ಲದಿದ್ದರೆ ಇಲ್ಲವೆಂದೇ ಹೇಳುತ್ತದೆ. ಷಡಕ್ಷರಿಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಆದರೆ ಕೆಲವು ಸಲ ಅದು ಒಂದು ನಿಯಮವನ್ನೂ ಮುರಿಯದ ಉತ್ತರವನ್ನು ಕೂಡ ತಳ್ಳಿಹಾಕುತ್ತಿತ್ತು. ಯಾಕೆಂದು ಅವನಿಗೆ ಬಗೆಹರಿದಿರಲಿಲ್ಲ.

ಗುರುಗಳು ನಕ್ಕರು. "ತಪ್ಪು ಮಾಡದಿರುವುದೇ ದೊಡ್ಡಸ್ತಿಕೆಯಾಗಿದ್ದರೆ ನಮ್ಮ ಅಂಗಳದ ಒರಳುಕಲ್ಲಿಗೆ ಪಟ್ಟ ಕಟ್ಟಬಹುದಿತ್ತು. ಕೂತುಕೋ," ಎಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನೂ ಅವನ ಅಕ್ಕನೂ ಎತ್ತುಗಳ ಮೇಲೆ ಸರಕು ಹೇರಿಕೊಂಡು ಘಟ್ಟದ ಕೆಳಗಿನ ಪೇಟೆಗೆ ಹೋಗಿಬರುತ್ತಿದ್ದರು. ತಂಡಕ್ಕೆ ಯಜಮಾನಿ ಅಕ್ಕ. ಘಟ್ಟದ ಕಾಡಿನಲ್ಲಿ ಕಳ್ಳರ ಕಾಟವಿತ್ತು, ಆದ್ದರಿಂದ ದಾರಿಗರೆಲ್ಲ ಇವರೊಡನೆ ಸೇರಿಕೊಳ್ಳುತ್ತಿದ್ದರು. ಸೇರುವುದಕ್ಕೆ ಒಂದು ಕಟ್ಟಳೆ ಇತ್ತು. ಹೊಸಬನಿಗೆ ತಂಡದೊಳಗಿನ ಒಬ್ಬರು ಹೊಣೆ ನಿಲ್ಲಬೇಕು, ಇವನನ್ನು ನಾನು ಬಲ್ಲೆ, ಒಳ್ಳೆಯವನು ಎಂದು ಹೇಳಬೇಕು.

ಆ ಸಲ ವ್ಯಾಪಾರಿಯ ಒಬ್ಬಳೇ ಮಗಳು ಬಾಣಂತನ ಮುಗಿಸಿಕೊಂಡು, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಿದ್ದಳು. ಹಿಂದಿನ ವರ್ಷ ಬೇರೊಂದು ತಂಡಕ್ಕೆ ದಾರಿಗರ ವೇಷದಲ್ಲಿ ಸೇರಿದ ಕಳ್ಳರು ನಡುಗಾಡಿನಲ್ಲಿ ಕತ್ತಿ ಹಿರಿದಿದ್ದರು. ಅದು ನೆನಪಾದಾಗಲೆಲ್ಲ ವ್ಯಾಪಾರಿ ಮಗಳ ಕಡೆ ತಿರುಗಿ ನೋಡುತ್ತಿದ್ದ.

ಹೊರಡುವ ದಿನ ಬೆಳಿಗ್ಗೆ ಇಬ್ಬರು ಬಂದರು. ಒಬ್ಬ ಬಳೆಗಾರ, ಇನ್ನೊಬ್ಬ ಕಂಬಳಿ ಮಾರುವವನು. ಇಬ್ಬರೂ ಗಟ್ಟಿ ಆಳುಗಳು, ಮಾತೂ ನಯ. ಬಳೆಗಾರನಿಗೆ ಕಂಬಳಿಯವನು ಹೊಣೆ ನಿಂತ. ಕಂಬಳಿಯವನಿಗೆ ಬಳೆಗಾರ ಹೊಣೆ ನಿಂತ. ಮಗಳ ಪಕ್ಕದಲ್ಲಿ ಇನ್ನೆರಡು ದೊಣ್ಣೆಗಳಿದ್ದರೆ ಒಳ್ಳೆಯದೇ ಎಂದು ವ್ಯಾಪಾರಿ ಒಳಗೊಳಗೇ ಹಿಗ್ಗಿದ. ಆದರೂ ವಿಚಾರಿಸಿ ನೋಡೋಣವೆಂದು ತನ್ನ ಹಳೆಯ ಆಳನ್ನು ಕರೆದ.

ಆ ಆಳು ಯಾವುದನ್ನೇ ಆಗಲಿ ತುದಿಯಿಂದ ಹಿಡಿದು ಬುಡದವರೆಗೆ ಕೇಳಿಕೊಂಡು ಹೋಗುವವನು. ಕಳೆದುಹೋದ ಎತ್ತನ್ನು ಹಾಗೆಯೇ ಹುಡುಕಿ ತಂದಿದ್ದ. ಬಳೆಗಾರನನ್ನು ಸೇರಿಸಲು ಕಂಬಳಿಯವನು ಸೇರಿರಬೇಕು, ಕಂಬಳಿಯವನನ್ನು ಸೇರಿಸಲು ಬಳೆಗಾರ ಸೇರಿರಬೇಕು, ಬಳೆಗಾರನನ್ನು ಸೇರಿಸಲು... ಹೀಗೆ ಗಾಣದೆತ್ತಿನಂತೆ ಸುತ್ತತೊಡಗಿದ. ಊಟಕ್ಕೆ ಕರೆದರೂ ಅವನಿಗೆ ಕೇಳಿಸಲಿಲ್ಲ, ಪಾಪ.

ವ್ಯಾಪಾರಿ ಗುಮಾಸ್ತನನ್ನು ಕೇಳಿದ. ಗುಮಾಸ್ತ ತಪ್ಪನ್ನು ಸೋಸಿ ತೆಗೆಯುವುದರಲ್ಲಿ ಎತ್ತಿದ ಕೈ. ಯಾವ ಎತ್ತಿಗೆ ಯಾವ ಹೊರೆ ಸರಿಹೋಗದು ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿದ್ದ. "ಇಬ್ಬರನ್ನೂ ಸೇರಿಸಿಕೊಂಡರೆ ಇಬ್ಬರಿಗೂ ತಂಡದೊಳಗೇ ಹೊಣೆ ಸಿಕ್ಕಿತಲ್ಲ! ಕಟ್ಟಳೆ ಎಲ್ಲಿ ಮುರಿಯಿತು?" ಎಂದ. ವ್ಯಾಪಾರಿಗೆ ಬೇಕಾದದ್ದೂ ಅದೇ ಮಾತು.

ಅಕ್ಕ ಆಳನ್ನೂ ಗುಮಾಸ್ತನನ್ನೂ ಬಯ್ಯಲಿಲ್ಲ. ಊರಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದವರನ್ನೆಲ್ಲ ಕೆಳಗಿಳಿಯಿರಿ ಎಂದಳು. ಎಲ್ಲರೂ ಗೊಣಗುತ್ತ ಇಳಿದರು. ತಾನೂ ತಮ್ಮನೂ ಮಾತ್ರ ಮೇಲೆ ಉಳಿದರು, ಏಕೆಂದರೆ ತಂಡವೇ ಅವರದು. ಅವಳು ತಾನು ಬಲ್ಲವರಿಗೆ ಕೈ ಕೊಟ್ಟು ಮೇಲೆ ಹತ್ತಿಸಿಕೊಂಡಳು. ಹತ್ತಿದವರು ತಾವು ಬಲ್ಲವರಿಗೆ ಕೈ ಕೊಟ್ಟರು. ವ್ಯಾಪಾರಿಯ ಮಗಳು ಕೂಸಿನೊಡನೆ ಹತ್ತಿದಳು. ನೋಡನೋಡುತ್ತ ಕಟ್ಟೆ ತುಂಬಿತು. ಕಡೆಗೆ ಯಾರ ಕೈಯೂ ಚಾಚಲಿಲ್ಲ. ಬಳೆಗಾರನೂ ಕಂಬಳಿಯವನೂ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡು ಕೆಳಗೇ ನಿಂತಿದ್ದರು.

ವ್ಯಾಪಾರಿಗೆ ಆಗ ಕಣ್ಣು ತೆರೆಯಿತು. ಆದರೂ ಮನಸ್ಸು ತಡೆಯಲಿಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತೀಯಾ ಅಕ್ಕಾ? ಇವರು ಕಳ್ಳರೇ?"

"ಹಾಲಲ್ಲ ಅಂತ ನಾನೆಲ್ಲಿ ಅಂದೆ ತಮ್ಮಾ? ಹಾಲು ಕರೆದವರನ್ನ ತೋರಿಸು ಅಂದೆ. ತೋರಿಸೋ ತನಕ ಇಲ್ಲ. ತೋರಿಸಿದರೆ ಇದೇ ಬಾಯಲ್ಲಿ ಹೌದು ಅಂತೀನಿ."

ಎತ್ತುಗಳನ್ನು ಎಬ್ಬಿಸುವ ಹೊತ್ತಿಗೆ ಆ ಊರಿನ ಕುಂಬಾರಗಿತ್ತಿ ಏದುಸಿರು ಬಿಡುತ್ತ ಬಂದಳು. ಅವಳೂ ಘಟ್ಟ ಇಳಿಯುವವಳು. ಅಕ್ಕ ಅವಳನ್ನು ಚಿಕ್ಕಂದಿನಿಂದ ಬಲ್ಲಳು, ಕೈ ಕೊಟ್ಟು ಹತ್ತಿಸಿಕೊಂಡಳು. ಹತ್ತಿದವಳು ತಿರುಗಿ ನೋಡಿದಳು. "ಅಯ್ಯೋ ಬಳೆಗಾರಪ್ಪಾ, ನೀನ್ಯಾಕೆ ಕೆಳಗೆ ನಿಂತೆ? ನನ್ನ ಸೊಸೆಯ ಸೀಮಂತಕ್ಕೆ ಬಳೆ ತೊಡಿಸಿದವನಲ್ಲವೇ ನೀನು! ಬಾ," ಎಂದು ಕೈ ಚಾಚಿದಳು. ಬಳೆಗಾರ ಹತ್ತಿದ. ಹಿಂದೆಯೇ ಕಂಬಳಿಯವನನ್ನು ಎಳೆದುಕೊಂಡ. ಆಗ ಇಲ್ಲ ಎಂದಿದ್ದ ಅಕ್ಕ ಈಗ ಹೌದು ಎಂದಳು. ಮಾತು ಬದಲಿಸಲು ಅವಳಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. ವ್ಯಾಪಾರಿಗೆ ಅಕ್ಕನ ಮೇಲೆ ಹೆಮ್ಮೆ ಉಕ್ಕಿ ಬಂತು. ತಂಡ ಘಟ್ಟ ಇಳಿಯಿತು. ಕೂಸು ದಾರಿಯುದ್ದಕ್ಕೂ ಹೊಸ ಕಂಬಳಿಯಲ್ಲಿ ಬೆಚ್ಚಗೆ ಮಲಗಿ ತಂದೆಯ ಮನೆ ಸೇರಿತು.

ಕತೆ ಮುಗಿಯಿತು. ಷಡಕ್ಷರಿಯ ಮುಖ ಅರಳಿತ್ತು.

"ಗುರುಗಳೇ, ಆ ಮೂವರೂ ನನ್ನ ಕಂಪ್ಯೂಟರಿನಲ್ಲಿದ್ದಾರೆ! ಗುರಿಯಿಂದ ಹಿಂದಕ್ಕೆ ಕೇಳುತ್ತ ಹೋಗುವ ಬಗೆ ಒಂದಿದೆ, ಅದು ಆ ಆಳು. ನಿಯಮ ಮುರಿದದ್ದನ್ನು ಸೋಸುವ ಬಗೆ ಇನ್ನೊಂದು, ಅದು ಗುಮಾಸ್ತ. ನಾನು ಮೆಚ್ಚಿದ ಬಗೆ ಅವರಿಬ್ಬರಿಗೂ ನೆಂಟ, ಇಬ್ಬರಿಂದಲೂ ಕಲಿತದ್ದು. ಆದರೆ ಅದು ಅಕ್ಕನ ಹಾಗೆ ಬುಡದಿಂದ ಕಟ್ಟಿಕೊಂಡು ಬರುತ್ತದೆ. ಒಂದಕ್ಕೊಂದು ಜೋತುಬಿದ್ದದ್ದನ್ನು ಒಪ್ಪುವುದಿಲ್ಲ. ಎಂಥ ಚೆಂದ! ಇನ್ನು ನನಗೆ ಸಂಶಯವಿಲ್ಲ."

"ಯಾಕಿಲ್ಲ?"

"ಹೇಳಿದವರು ನೀವು. ನೀವು ನನ್ನ ಗುರುಗಳು."

"ನೀನು ಒಪ್ಪಿದ್ದರಿಂದ ನಾನು ಗುರು, ನಾನು ಗುರುವಾದ್ದರಿಂದ ನೀನು ಒಪ್ಪುತ್ತೀಯೆ, ನಮ್ಮಿಬ್ಬರಿಗೆ ಕೈ ಕೊಡುವವರು ಯಾರಪ್ಪಾ?" ಎಂದರು ಗುರುಗಳು.